ಬೀಗ ತೆಗೆದ ಮೇಲೆ ನಮ್ಮ ಸಭೆಯ ಲೈಬ್ರರಿ

"ಫೋನ್ ಇರುವಾಗ ಪುಸ್ತಕ ಯಾರು ಓದ್ತಾರೆ ಮಾರಾಯ್ರೆ?" ನಾಲ್ಕು ವರ್ಷದ ಹಿಂದೆ, ಚರ್ಚಿಗೊಂದು ಲೈಬ್ರರಿ ಬೇಕು ಅಂದಾಗ ಕಮಿಟಿಯಲ್ಲಿ ನನಗೆ ಸಿಕ್ಕ ಉತ್ತರ ಇದು. ನಮ್ಮದು ಮಂಗಳೂರು ಕಡೆಯ ಸಣ್ಣ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಸುಮಾರು 120 ಮನೆ. ಹೋದ ವರ್ಷ ಹೆಚ್ಚುಕಮ್ಮಿ 600 ಸಲ ಪುಸ್ತಕ ಮನೆಗೆ ಹೋಗಿ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೆರಡು ವರ್ಷ ದುಡ್ಡು ಸುಮ್ನೆ ಹೋಯಿತು. ಸ್ಟೀಲ್ ಕಪಾಟಿಗೆ 14 ಸಾವಿರ ಕೊಟ್ಟೆವು, ವೆಸ್ಟ್ರಿಯಲ್ಲಿ, ಅಂದರೆ ಚರ್ಚಿನ ಪಕ್ಕದ ಕೋಣೆಯಲ್ಲಿ, ಇಟ್ಟು ಬೀಗ ಹಾಕಿದೆವು. ಕೀ ಒಬ್ಬರ ಹತ್ತಿರ, ಅವರು ಬಾರದ ಭಾನುವಾರ ಲೈಬ್ರರಿಯೂ ಇಲ್ಲ. ತಡವಾದರೆ ದಿನಕ್ಕೆ ಒಂದು ರೂಪಾಯಿ ದಂಡ ಅಂತ ಬರೆದು ಅಂಟಿಸಿದೆ. ವರ್ಷಕ್ಕೆ ಬಂದ ದಂಡ 60 ರೂಪಾಯಿ ಇರಬಹುದು, ಆದರೆ ಪುಸ್ತಕ ಹಿಂದೆ ಕೊಡಲು ನಾಚಿಕೆಯಾಗಿ ಎರಡು ಮನೆಯವರು ನನ್ನ ಕಣ್ಣು ತಪ್ಪಿಸಿ ಹಿಂದಿನ ಬಾಗಿಲಿನಿಂದ ಹೋಗಲು ಶುರು ಮಾಡಿದರು. ಅದು ನನಗೆ ತುಂಬ ನೋವು ಕೊಟ್ಟಿತು. ಅವತ್ತೇ ದಂಡದ ಚೀಟಿ ಕಿತ್ತು ಹಾಕಿದೆ.

ಮತ್ತೆ ಮಾಡಿದ್ದು ಇಷ್ಟೇ. ಆರಾಧನೆ ಮುಗಿದು ಚಾ ಕುಡಿಯುವ ಜಾಗಕ್ಕೆ ಒಂದು ಮೇಜು ತಂದೆ. ನಲವತ್ತೇ ಪುಸ್ತಕ, ಮುಖಪುಟ ಮೇಲೆ. ವಾರವಾರ ಬದಲು. ಸಂಡೇ ಸ್ಕೂಲಿನ ಇಬ್ಬರು ಮಕ್ಕಳು ರಿಜಿಸ್ಟರ್ ಬರೆಯುತ್ತಾರೆ. ದೊಡ್ಡ ಲೈಬ್ರರಿಗಳಲ್ಲಿ ವಿಷಯದ ಪ್ರಕಾರ ಪುಸ್ತಕಕ್ಕೆ ಹಾಕುವ ಡ್ಯೂಯಿ ನಂಬರ್ ಬಿಟ್ಟುಬಿಟ್ಟೆ, ಅದರಲ್ಲಿ ಬೈಬಲ್, ಕ್ರೈಸ್ತ ಧರ್ಮದ ಪುಸ್ತಕಗಳಿಗೆ 220ರಿಂದ ಶುರು, ಅದರ ಪ್ರಕಾರ ಹೋದರೆ ನಮ್ಮ ಮುಕ್ಕಾಲು ಪುಸ್ತಕ 220ರಿಂದ 280ರ ಒಳಗೇ ಬೀಳುತ್ತದೆ, ಅಲ್ವಾ? ಬೆನ್ನಿಗೆ ಐದು ಬಣ್ಣದ ಟೇಪು ಸಾಕು. ಪುಸ್ತಕ ವಾಪಸ್ ಬರಲು ಮನೆ ಪ್ರಾರ್ಥನೆಗಳೇ ದಾರಿ, ಅಲ್ಲಿಗೆ ಹೋದವರು ಕೈಯಲ್ಲಿ ಹಿಡಿದು ತರುತ್ತಾರೆ. ತಡ ಮಾಡುವವರಿಗೆ ನೆನಪಿಸುವ ನನ್ನದೊಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮಲ್ಲಿಗೆ ಬಂದರೆ ಹೇಳುತ್ತೇನೆ.

ಹಣ ಬಂದದ್ದು ಬೆಳೆ ಹಬ್ಬದ ಏಲಂನಿಂದ. ಕುಂಬಳಕಾಯಿ, ಬಸಳೆ, ತೆಂಗಿನಕಾಯಿ ಏಲಂ ಆದಮೇಲೆ ಒಂದು ಬಾಳೆಗೊನೆಯನ್ನು ಲೈಬ್ರರಿಯ ಹೆಸರಲ್ಲಿ ಕೂಗಿಸಿದೆ. ಒಂಬತ್ತು ಸಾವಿರದ ಹತ್ತಿರ ಬಂತು! ಅದನ್ನು ಕೂಗಿ ಕೂಗಿ ಮೇಲೆ ತಂದವರು, ಫೋನಿನ ಮಾತು ಹೇಳಿದ ಅದೇ ಅಂಕಲ್. ಅವರ ಅಜ್ಜ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವರು. 1843ರಲ್ಲಿ ಮೊದಲ ಕನ್ನಡ ಪತ್ರಿಕೆ ತಂದ ಮಿಷನ್ನಿನ ಊರಿನಲ್ಲಿ ಸಭೆಗೆ ಪುಸ್ತಕ ಬೇಡ ಅಂದರೆ ಹೇಗೆ ಅಂತ ನಾನು ಕೇಳಿದ್ದೆ. ಮನಸ್ಸಿಗೆ ತಾಗಿರಬೇಕು.

ನಡುವೆ ಒಂದು ಪ್ರಯೋಗ. ಒಂದು ಮನೆಯಿಂದ ಹಳೆಯ ಕಿಟೆಲ್ ಕೋಶ (ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು) ಬಂತು, ಹುಳ ತಿಂದು ಬೆನ್ನು ಬಿಚ್ಚಿತ್ತು. ಪ್ಲಾಸ್ಟಿಕ್ಕಿನಲ್ಲಿ ಗಾಳಿ ಇಲ್ಲದಂತೆ ಸುತ್ತಿ ಮೀನಿನ ವ್ಯಾಪಾರದವರ ಫ್ರೀಜರಿನಲ್ಲಿ ಎರಡು ವಾರ ಇಟ್ಟೆ. ಹೊರಗೆ ತೆಗೆದಮೇಲೆ ಒಂದು ದಿನ ಕವರ್ ಬಿಚ್ಚಬೇಡಿ, ಬಿಚ್ಚಿದರೆ ಹಾಳೆ ಬೆವರುತ್ತದೆ. ಹುಳ ಸತ್ತವು. ಬೂಷ್ಟಿಗೆ ಮಾತ್ರ ಇದು ಆಗುವುದಿಲ್ಲ, ಅದಕ್ಕೆ ಗಾಳಿಯೇ ಮದ್ದು. ಮಳೆಗಾಲದಲ್ಲಿ ನಾನು ಕಪಾಟಿನ ಬಾಗಿಲು ಮುಚ್ಚುವುದೇ ಇಲ್ಲ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಬೇರೆ. ಕಣ್ಣು ಮಂಜಾದ ಒಬ್ಬ ಅಜ್ಜಿ ಆರಾಧನೆ ಮುಗಿದ ಕೂಡಲೇ ರಿಕ್ಷಾ ಹತ್ತುತ್ತಿದ್ದರು, ಯಾರ ಹತ್ತಿರವೂ ಮಾತಿಲ್ಲ. ರಿಜಿಸ್ಟರ್ ಬರೆಯುವ ಹುಡುಗನಿಗೆ ಓದಿ ಹೇಳು ಅಂದೆ. ಅವನು ಇಂಗ್ಲಿಷ್ ಮೀಡಿಯಂ. ಕನ್ನಡ ಸಾಲಿನ ಕೆಳಗೆ ಬೆರಳು ಇಟ್ಟು ತಡವರಿಸಿ ಓದುತ್ತಾನೆ. ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಾರೆ, ಒತ್ತಕ್ಷರ ತಪ್ಪಿದರೆ ಅವನ ಮೊಣಕೈಗೆ ಮೆಲ್ಲ ತಟ್ಟುತ್ತಾರೆ. ಎಂಟು ತಿಂಗಳಾಯಿತು. ಹೋದ ತಿಂಗಳು ಅವನು ಆರಾಧನೆಯಲ್ಲಿ ವೇದಪಾಠ, ಅಂದರೆ ಬೈಬಲ್ ಭಾಗ, ಓದಿದ, ಕನ್ನಡದಲ್ಲಿ. ಅಜ್ಜಿ ಮೊದಲ ಬೆಂಚಿನಲ್ಲಿ ಕೂತಿದ್ದರು. ರಿಕ್ಷಾದವನಿಗೆ ಈಗ ಹನ್ನೊಂದೂವರೆಗೆ ಬಾ ಅಂದಿದ್ದಾರೆ.