ರೈಲಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ

ಹತ್ತುವ ಮೊದಲೇ ಟಿಕೆಟ್ ಸಿಗದಿದ್ದರೆ ಗಾರ್ಡ್ ಬಳಿ ಹೋಗಿ ಹೇಳಿ, ಅನುಮತಿ ಚೀಟಿ ಬರೆಸಿಕೊಳ್ಳಿ. ಆ ಚೀಟಿ ಇದ್ದರೆ ದಂಡವಿಲ್ಲ, ಪ್ರಯಾಣದರ ಮಾತ್ರ. ಟಿಟಿಇ (ಟಿಕೆಟ್ ತಪಾಸಣೆ ಮಾಡುವವರು) ಬಂದು ಕೇಳಿದ ಮೇಲೆ ಹೇಳಿದರೆ ಈ ಅನುಕೂಲವಿಲ್ಲ.

ಚೀಟಿ ಇಲ್ಲದಿದ್ದರೆ 1989ರ ರೈಲ್ವೆ ಕಾಯ್ದೆಯ 138ನೇ ಕಲಂ ಅನ್ವಯ. ಪ್ರಯಾಣದರ, ಅದರ ಮೇಲೆ ಅಷ್ಟೇ ಮೊತ್ತ ಅಥವಾ 250 ರೂ., ಯಾವುದು ಹೆಚ್ಚೋ ಅದು. ದರ 40 ರೂ. ಎಂದಿಟ್ಟುಕೊಳ್ಳಿ, ಕಟ್ಟಬೇಕಾದ್ದು 290. ದರವನ್ನು ಸಾಮಾನ್ಯವಾಗಿ ರೈಲು ಹೊರಟ ನಿಲ್ದಾಣದಿಂದ ಲೆಕ್ಕ ಹಾಕುತ್ತಾರೆ, ಹಾಗಾಗಿ ನಡುವೆ ಹತ್ತಿದವರಿಗೆ ಹೊಡೆತ ಜಾಸ್ತಿ. ದುಡ್ಡು ಕೊಟ್ಟ ಮೇಲೆ ರಸೀದಿ ತಪ್ಪದೆ ಪಡೆಯಿರಿ. ಅದರಲ್ಲಿ ನಿಲ್ದಾಣ, ಮೊತ್ತ ಸರಿ ಇದೆಯೇ ನೋಡಿ. ರಸೀದಿಯಿಲ್ಲದ 'ಅಡ್ಜಸ್ಟ್‌ಮೆಂಟ್' ಲಂಚ, ಮುಂದಿನ ತಪಾಸಣೆಯಲ್ಲಿ ಕೆಲಸಕ್ಕೆ ಬಾರದು.

ಗೊತ್ತಿಲ್ಲದೆ ಸಿಕ್ಕಿಬೀಳುವವರೇ ಹೆಚ್ಚು. ಚಾರ್ಟ್ (ಸೀಟು ಹಂಚಿಕೆಯ ಅಂತಿಮ ಪಟ್ಟಿ) ಆದಮೇಲೂ ಪೂರ್ತಿ ವೇಟಿಂಗ್‌ನಲ್ಲೇ ಉಳಿದ ಇ-ಟಿಕೆಟ್ ತಾನಾಗಿ ರದ್ದಾಗುತ್ತದೆ. ಅದನ್ನು ಹಿಡಿದು ಹತ್ತಿದರೆ ಟಿಕೆಟ್‌ರಹಿತರೇ. ಆ್ಯಪ್‌ನ ಜನರಲ್ ಟಿಕೆಟ್‌ನ ಸ್ಕ್ರೀನ್‌ಶಾಟ್ ನಡೆಯದು, ಆ್ಯಪ್ ತೆರೆದೇ ತೋರಿಸಬೇಕು.

ಒಂಟಿ ಮಹಿಳೆಯನ್ನು ರಾತ್ರಿ ಯಾವುದೋ ನಿಲ್ದಾಣದಲ್ಲಿ ಇಳಿಸುವಂತಿಲ್ಲ: 139ನೇ ಕಲಂ.