ಮೊದಲ ಒಂದು ಗಂಟೆಯ ಗುಟ್ಟು: ಮ್ಯಾಂಗನೀಸ್ ಜೊತೆ ನನ್ನ ಏಗಾಟ

ಕೀಟೋನ್‌ಗೆ ಹೈಡ್ರೋಜನ್ ಸೇರಿಸಿ ಆಲ್ಕೋಹಾಲ್ ಮಾಡೋಕೆ ಕ್ಯಾಟಲಿಸ್ಟ್ (ಕ್ರಿಯೆಗೆ ವೇಗ ಕೊಡುವ ವಸ್ತು) ಬೇಕು. ಅದರಲ್ಲಿ ರುಥೇನಿಯಂ ದುಬಾರಿ, ಮ್ಯಾಂಗನೀಸ್ ಅಗ್ಗ. ಪೋಸ್ಟ್‌ಡಾಕ್ ಮಾಡುವಾಗ ಮ್ಯಾಂಗನೀಸಿನ ಪಿನ್ಸರ್ ಕಾಂಪ್ಲೆಕ್ಸ್‌ಗಳ (ಲಿಗಾಂಡ್ ಅನ್ನೋ ಅಣು ಲೋಹವನ್ನು ಇಕ್ಕಳದ ಹಾಗೆ ಮೂರು ಕಡೆ ಹಿಡಿದ ರಚನೆ) ಹಿಂದೆ, ಕಂಪ್ಯೂಟರ್ ಲೆಕ್ಕ ಹಿಡಿದು, ಬಿದ್ದದ್ದು ಅದಕ್ಕೇ. ಅಗ್ಗ ಅಂದುಕೊಂಡದ್ದು ನನಗೆ ಎಷ್ಟು ದುಬಾರಿಯಾಯ್ತು ಅನ್ನೋದು ಬೇರೆ ಕಥೆ.

ಹೈಡ್ರೋಜನ್ ಒಡೆಯುವ ಹಂತಕ್ಕೆ ನನ್ನ ಮೊದಲ ಲೆಕ್ಕದಲ್ಲಿ ತಡೆ (ಕ್ರಿಯೆ ದಾಟಬೇಕಾದ ಶಕ್ತಿಯ ದಿಬ್ಬ) ಮೋಲ್‌ಗೆ 31 ಕಿಲೋಕ್ಯಾಲರಿ ಬಂತು. 60 ಡಿಗ್ರಿಯಲ್ಲಿ ಅದರ ಅರ್ಧಾಯುಷ್ಯ, ಅಂದರೆ ಆ ಹಂತ ಅರ್ಧ ಮುಗಿಯೋಕೆ ಬೇಕಾದ ಸಮಯ, ಸುಮಾರು ಎಂಟು ತಿಂಗಳು. ಲ್ಯಾಬಿನ ಗೆಳೆಯನ ಫ್ಲಾಸ್ಕಿನಲ್ಲಿ ಕ್ಯಾಟಲಿಸ್ಟ್‌ನ ಒಂದೊಂದು ಅಣುವೂ ಸಾವಿರ ಸುತ್ತು ಕೆಲಸವನ್ನು ಸಂಜೆಯೊಳಗೆ ಮುಗಿಸುತ್ತಿತ್ತು! "ನಿಮ್ಮ ಕಂಪ್ಯೂಟರ್‌ಗೆ ಕೆಮಿಸ್ಟ್ರಿ ಬರಲ್ಲ" ಅಂತ ನಗುತ್ತಿದ್ದ. ಅವನ ವೇಗಕ್ಕೆ ಹೊಂದಬೇಕಾದರೆ ತಡೆ 22ರ ಆಸುಪಾಸು ಬರಬೇಕಿತ್ತು.

ಫಂಕ್ಷನಲ್ (ಎಲೆಕ್ಟ್ರಾನ್‌ಗಳ ಶಕ್ತಿ ಅಂದಾಜಿಸುವ ಸೂತ್ರ) ಬದಲಿಸಿದೆ, ಎಲೆಕ್ಟ್ರಾನ್‌ಗಳನ್ನು ವರ್ಣಿಸುವ ಬೇಸಿಸ್ ದೊಡ್ಡದು ಮಾಡಿದೆ, ಅಣುಗಳ ನಡುವಿನ ದುರ್ಬಲ ಸೆಳೆತ, ಅಂದರೆ ಡಿಸ್ಪರ್ಶನ್, ಸೇರಿಸಿದೆ. ಒಂದೆರಡು ಅಂಕಿ ಅಲ್ಲಾಡಿತು, ಅಷ್ಟೇ. ವರ್ಷಕ್ಕೆ ಸಿಕ್ಕಿದ್ದ ನಾಲ್ಕು ಲಕ್ಷ ಕೋರ್-ಅವರ್‌ನಲ್ಲಿ (ಒಂದು ಪ್ರೊಸೆಸರ್ ಕೋರ್ ಒಂದು ಗಂಟೆ ಓಡಿದರೆ ಒಂದು) ಮುಕ್ಕಾಲು ಪಾಲು ಮೂರೇ ತಿಂಗಳಲ್ಲಿ ಉರಿದುಹೋಯ್ತು. ಅನುದಾನದ ಅರ್ಜಿ ಎರಡು ಸಲ ವಾಪಸ್ ಬಂತು. ಲೆಕ್ಕ ಹಾಕೋಕೆ ದುಡ್ಡು ಯಾಕೆ ಅನ್ನೋ ಧಾಟಿ. ಕಾಂಟ್ರಾಕ್ಟ್ ಮುಗಿಯಲು ಏಳು ತಿಂಗಳಿತ್ತು.

ಈ ನಡುವೆ ಕಬ್ಬಿಣದ ಕಡೆ ಜಾರಿದ್ದು ನನ್ನದೇ ದಡ್ಡತನ. ಎಲೆಕ್ಟ್ರಾನ್‌ಗಳು ಜೋಡಿಯಾಗುವ ಬಗೆಗಳಲ್ಲಿ (ಸ್ಪಿನ್ ಸ್ಥಿತಿಗಳು) ಯಾವುದರ ಶಕ್ತಿ ಕಡಿಮೆ ಅಂತ ಬಿ3ಎಲ್‌ವೈಪಿ ಅನ್ನೋ ಫಂಕ್ಷನಲ್ ಒಂದು ಹೇಳಿತು. ಅದರಲ್ಲಿ ಬೆರೆಸಿರುವ ಎಕ್ಸ್‌ಚೇಂಜ್ ಅನ್ನೋ ಅಂಶವನ್ನು ಶೇಕಡಾ 20ರಿಂದ 15ಕ್ಕೆ ಇಳಿಸಿದರೆ ತದ್ವಿರುದ್ಧ. ನಾಲ್ಕು ತಿಂಗಳು ಹೋಯ್ತು, ಒಂದು ಪೇಪರೂ ಬರಲಿಲ್ಲ.

ಒಂದು ದಿನ, ಗಂಟೆ ಗಂಟೆಗೆ ಎಷ್ಟು ಆಲ್ಕೋಹಾಲ್ ಆಯ್ತು ಅಂತ ತೋರಿಸುವ ಗೆಳೆಯನ ಹಳೇ ಮ್ಯಾಂಗನೀಸ್ ಗ್ರಾಫ್ ಸುಮ್ನೆ ನೋಡುತ್ತಿದ್ದೆ. ಮೊದಲ ಒಂದು ಗಂಟೆ ಗೆರೆ ನೆಲಕ್ಕೆ ಅಂಟಿಕೊಂಡಿದೆ, ಆಮೇಲೆ ಸರ್ರನೆ ಏರಿದೆ. ಕ್ಯಾಟಲಿಸ್ಟ್ ಎಚ್ಚರಗೊಳ್ಳೋಕೆ ಸಮಯ ಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ನನಗೆ ಹೊಳೆದದ್ದು ಬೇರೆ: ಕೀಟೋನ್‌ನಿಂದ ಹುಟ್ಟುವ ಆಲ್ಕೋಹಾಲೇ ಸಹಾಯ ಮಾಡ್ತಿದ್ದರೆ? ನನ್ನ ಮಾಡೆಲ್‌ನಲ್ಲಿ ದ್ರಾವಕವಾದ ಟಾಲ್ವೀನ್ ಬರೀ ಕಂಟಿನ್ಯೂಯಂ, ಅಂದರೆ ಬಿಡಿ ಅಣುಗಳಿಲ್ಲದ ಒಂದೇ ಹಿನ್ನೆಲೆ, ಆಲ್ಕೋಹಾಲ್‌ನ ಒಂದು ಅಣುವೂ ಇರಲಿಲ್ಲ.

ಒಂದು ಅಣು ಇಟ್ಟೆ. ಮ್ಯಾಂಗನೀಸ್, ನೈಟ್ರೋಜನ್, ಹೈಡ್ರೋಜನ್ ಸೇರಿದ ಬಿಗಿಯಾದ ನಾಲ್ಕರ ಉಂಗುರ ಹಿಗ್ಗಿ ಆರರದ್ದಾಯಿತು. ಪ್ರೋಟಾನನ್ನು ಆಲ್ಕೋಹಾಲ್ ಕೈಯಿಂದ ಕೈಗೆ ದಾಟಿಸಿತು. ತಡೆ 26. ಲೆಕ್ಕದ ಆಧಾರವನ್ನು ಅನಿಲದ ಒಂದು ಅಟ್ಮಾಸ್ಫಿಯರ್‌ನಿಂದ ದ್ರಾವಣದ ಒಂದು ಮೋಲಾರ್‌ಗೆ ಬದಲಿಸೋದು ಮರೆತಿದ್ದೆ (ನೀವೂ ಮರೆತಿರ್ತೀರಿ, ಅಲ್ವಾ?), ಅದರಿಂದ ಇನ್ನೆರಡು ಇಳಿಯಿತು. ಕಾನ್ಫರ್ಮರ್‌ಗಳನ್ನು (ಅದೇ ಅಣು ತಿರುಚಿ ತಾಳುವ ಬೇರೆ ಬೇರೆ ಭಂಗಿಗಳು) ಮತ್ತೆ ಜಾಲಾಡಿದಾಗ 22.5. ಎರಡನೇ ಅಣು ಇಟ್ಟರೆ ಲಾಭವಿಲ್ಲ, ಸ್ವತಂತ್ರ ಅಣುವನ್ನು ಕಟ್ಟಿಹಾಕಲು ತೆರಬೇಕಾದ ಬೆಲೆ, ಅಂದರೆ ಎಂಟ್ರೊಪಿ, ಅದನ್ನು ನುಂಗಿಹಾಕುತ್ತದೆ. ಆ ಅಣುವನ್ನು ಮೊದಲು ಎಲ್ಲಿ ಕೂರಿಸುತ್ತೇನೆ ಅನ್ನೋದನ್ನು ಮಾತ್ರ ಸದ್ಯಕ್ಕೆ ಹೇಳಲ್ಲ. ವಿದ್ಯಾರ್ಥಿನಿಯ ಥೀಸಿಸ್ ಇನ್ನೂ ಮುಗಿದಿಲ್ಲ.

ಆಗಿದ್ದಕ್ಕೆಲ್ಲ ಆಮೇಲೆ ಕಾರಣ ಕೊಡೋದರಲ್ಲಿ ನೀವು ಗಟ್ಟಿಗರು ಅಂತ ಗೆಳೆಯ ಮತ್ತೆ ಕೆಣಕಿದ. ಸರಿ, ಶುರುವಿನಲ್ಲೇ ಪ್ರಾಡಕ್ಟ್ ಆಲ್ಕೋಹಾಲ್ ನಾಲ್ಕು ಹನಿ ಹಾಕು, ಆ ಒಂದು ಗಂಟೆ ಮಾಯವಾಗುತ್ತೆ ಅಂದೆ. ಮೊದಲ ಸಲ ಏನೂ ಆಗಲಿಲ್ಲ, ಆಲ್ಕೋಹಾಲ್‌ನಲ್ಲಿ ನೀರಿತ್ತು. ಒಣಗಿಸಿ ಮತ್ತೆ ಹಾಕಿದ. ಮಧ್ಯಾಹ್ನ ಊಟಕ್ಕೆ ಮುಂಚೆ ಗ್ರಾಫ್ ಕಳಿಸಿದ. ಮೊದಲ ನಿಮಿಷದಿಂದಲೇ ಗೆರೆ ಮೇಲಕ್ಕೆ. ಜೊತೆಗೆ ಒಂದೇ ಸಾಲು: "ಇನ್ನು ಯಾವ ಲಿಗಾಂಡ್ ಮಾಡಲಿ, ಹೇಳು."