ಡೇಟಾ ಪೋರ್ಟ್ ಇಲ್ಲದ ಯುಪಿಎಸ್‌ನಲ್ಲೂ ಸರ್ವರ್ ತಾನಾಗಿ ಶಟ್‌ಡೌನ್ ಆಗುವಂತೆ ಮಾಡಲು

ಮನೆಯ ಸರ್ವರ್‌ಗೆ ಯುಎಸ್‌ಬಿ ಪೋರ್ಟ್ ಇಲ್ಲದ ಸಾಧಾರಣ ಯುಪಿಎಸ್ ಅಥವಾ ಇನ್ವರ್ಟರ್ ಮಾತ್ರ ಇದ್ದರೆ, ಒಂದು ಹಳೆಯ ರೌಟರನ್ನು ಬ್ಯಾಕಪ್ ಇಲ್ಲದ ಸಾಕೆಟ್‌ಗೆ ಹಾಕಿ, ಸರ್ವರ್ ಅದನ್ನು ನಿಮಿಷಕ್ಕೊಮ್ಮೆ ಪಿಂಗ್ ಮಾಡುವಂತೆ (ಅಂದರೆ ಉತ್ತರ ಬೇಡುವ ಸಣ್ಣ ಸಂದೇಶವನ್ನು ನೆಟ್‌ವರ್ಕ್ ಮೂಲಕ ಕಳಿಸುವಂತೆ) ಕ್ರಾನ್‌ನಲ್ಲಿ, ಅಂದರೆ ನಿಗದಿತ ಸಮಯಕ್ಕೆ ಕೆಲಸ ನಡೆಸುವ ಸೌಲಭ್ಯದಲ್ಲಿ, ಚಿಕ್ಕ ಸ್ಕ್ರಿಪ್ಟ್ ಇಡಿ. ಸತತ ಐದು ಬಾರಿ ಉತ್ತರ ಬಾರದಿದ್ದರೆ ಸ್ಕ್ರಿಪ್ಟ್ ಶಟ್‌ಡೌನ್ ಆದೇಶ ಕೊಡಲಿ. ಕರೆಂಟ್ ಹೋದೊಡನೆ ಆ ರೌಟರ್ ಆರಿಹೋಗುವುದರಿಂದ ಅದರ ಮೌನವೇ ಸರ್ವರ್‌ಗೆ ಸೂಚನೆಯಾಗುತ್ತದೆ, ಬ್ಯಾಟರಿ ಮುಗಿಯುವ ಮೊದಲೇ ಡೇಟಾಬೇಸ್‌ಗಳು ಮುಚ್ಚಿಕೊಂಡು, ಮೆಮೊರಿಯಲ್ಲಿ ಉಳಿದ ಬರಹವೆಲ್ಲ ಡಿಸ್ಕ್ ಸೇರುತ್ತದೆ. ಇನ್ವರ್ಟರ್ ಇರುವ ಮನೆಗಳಲ್ಲಿ ಸಾಮಾನ್ಯವಾಗಿ ಗೀಸರ್‌ನ ಲೈನ್ ಇನ್ವರ್ಟರ್‌ಗೆ ಸೇರಿರುವುದಿಲ್ಲ, ಹಾಗಾಗಿ ರೌಟರನ್ನು ಆ ಲೈನಿನ ಸಾಕೆಟ್‌ಗೆ ಹಾಕಬಹುದು. ಮೇನ್ ಸ್ವಿಚ್ ಆರಿಸಿ, ರೌಟರ್ ಆರುತ್ತದೆಯೇ ಎಂದು ಒಮ್ಮೆ ಖಚಿತಪಡಿಸಿಕೊಳ್ಳಿ. ರೌಟರ್ ಹ್ಯಾಂಗ್ ಆದರೆ ಅಥವಾ ನಡುವಿನ ಕೇಬಲ್ ಸಡಿಲವಾದರೆ ಸರ್ವರ್ ವೃಥಾ ನಿಲ್ಲುತ್ತದೆ, ಆದ್ದರಿಂದ ಬ್ಯಾಕಪ್ ಇಲ್ಲದ ಎರಡು ಸಾಧನಗಳನ್ನು ಪರೀಕ್ಷಿಸಿ, ಎರಡೂ ಉತ್ತರಿಸದಿದ್ದಾಗ ಮಾತ್ರ ನಿಲ್ಲಿಸುವುದು ಮೇಲು. ಈ ಐದು ನಿಮಿಷದ ಕಾಯುವಿಕೆ ಮತ್ತು ಶಟ್‌ಡೌನ್ ಮುಗಿಯುವವರೆಗೂ ತಾಳದಷ್ಟು ಹಳತಾದ ಬ್ಯಾಟರಿಗೆ ಈ ಉಪಾಯದಿಂದ ಪ್ರಯೋಜನವಿಲ್ಲ, ಅದನ್ನು ಬದಲಿಸಲೇಬೇಕು. ಇನ್ನೊಂದು ತೊಡಕು ಹಲವರ ಗಮನಕ್ಕೆ ಬರುವುದಿಲ್ಲ: ಸರ್ವರ್ ನಿಂತ ಮೇಲೆ, ಯುಪಿಎಸ್ ಬರಿದಾಗುವ ಮೊದಲೇ ಕರೆಂಟ್ ಮರಳಿದರೆ, ಸರ್ವರ್‌ಗೆ ವಿದ್ಯುತ್ ಒಮ್ಮೆಯೂ ಕಡಿತವಾಗಿರುವುದಿಲ್ಲ, ಹಾಗಾಗಿ ಬಯೋಸ್‌ನಲ್ಲಿ (ಕಂಪ್ಯೂಟರ್ ಆರಂಭವಾಗುವಾಗ ಮೊದಲು ಓಡುವ ಮೂಲ ತಂತ್ರಾಂಶ) ವಿದ್ಯುತ್ ಮರಳಿದಾಗ ತಾನಾಗಿ ಆನ್ ಆಗುವ ಆಯ್ಕೆ ಇದ್ದರೂ ಅದು ಕೆಲಸ ಮಾಡುವುದಿಲ್ಲ. ಆಗ ವೇಕ್ ಆನ್ ಲ್ಯಾನ್ (ನೆಟ್‌ವರ್ಕ್ ಸಂದೇಶ ಕಳಿಸಿ ಕಂಪ್ಯೂಟರ್ ಆನ್ ಮಾಡುವ ಸೌಲಭ್ಯ) ಮೂಲಕ ಎಬ್ಬಿಸಬೇಕು, ಇಲ್ಲವೇ ಕೈಯಿಂದಲೇ ಪವರ್ ಬಟನ್ ಒತ್ತಬೇಕು. ಯುಎಸ್‌ಬಿ ಪೋರ್ಟ್ ಇರುವ ಯುಪಿಎಸ್ ನಿಮ್ಮಲ್ಲಿದ್ದರೆ ಈ ಸರ್ಕಸ್ ಬೇಡ, ಯುಪಿಎಸ್‌ನ ಸ್ಥಿತಿಯನ್ನು ನೇರವಾಗಿ ತಿಳಿದು ಸರ್ವರನ್ನು ನಿಲ್ಲಿಸುವ, ಉಚಿತವಾಗಿ ಸಿಗುವ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ತಂತ್ರಾಂಶವನ್ನೇ ಬಳಸಿ.